ಎರಡಿಂಚು ಎತ್ತರ

ಸೆಪ್ಟೆಂಬರ್ 8, ಬೆಳಗ್ಗೆ

ಲಟ್ಟಣಿಗೆಯಿಂದ ಎರಡೇಟು ಬಿದ್ದ ಮೇಲೆ ಕಾರಿನ ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದಿತು. ಚೋಕ್ ಎಳೆದೆ. ಮಳೆಗಾಲವಿಡೀ ಮಲಗಿದ್ದವಳು ಒಂದೇ ಸಲಕ್ಕೆ ಎದ್ದಳು — ಜಾಣೆ. ಹೊಗೆಯೆಲ್ಲ ಅಡುಗೆಮನೆಗೆ. ಅತ್ತೆ ಜೋರಾಗಿ ಕೆಮ್ಮಿದರು, ಬೇಕೆಂದೇ. ಇವರು ಪೇಪರಿನಿಂದ ತಲೆ ಎತ್ತದೆ, ಲಟ್ಟಣಿಗೆ ತೊಳೆದಿಡು ಎಂದರು.

ಡಿಕ್ಕಿಯಲ್ಲಿ ಇಲಿಗೂಡು. ಸ್ಟೆಪ್ನಿ, ಜಾಕ್, ನನ್ನ ಕೊಡೆ — ಅಷ್ಟಕ್ಕೇ ಭರ್ತಿಯಾಗುವ ಡಿಕ್ಕಿಯಲ್ಲಿ ಇಲಿ ಎಲ್ಲಿ ಜಾಗ ಮಾಡಿಕೊಂಡಿತೋ.

ನವೆಂಬರಿನಲ್ಲಿ ಚಿಕ್ಕಮಗಳೂರಲ್ಲಿ ಹಳೇ ಕಾರುಗಳ ಶೋ. ಈ ಸಲ ಹೋಗಿಯೇ ತೀರುವುದು. ಮಾವ ಕಾರಿನ ಕೀಯನ್ನು ಮಗನ ಕೈಗಲ್ಲ, ಸೊಸೆಯಾದ ನನ್ನ ಕೈಗೆ ಕೊಟ್ಟು ಹೋದವರು. ಇವರಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಜೀಪು ಬಿಟ್ಟು ಬೇರೆ ಯಾವುದನ್ನೂ ಇವರು ಗಾಡಿ ಎನ್ನುವುದೇ ಇಲ್ಲ.

ಸೆಪ್ಟೆಂಬರ್ 15

ವಸ್ತಾರೆಯ ಮಲ್ಲಿಕಾರ್ಜುನಪ್ಪನವರು ಬಂದಿದ್ದರು, ತಮ್ಮ ಎಂಜಿಬಿ ಕಾರಿನಲ್ಲಿ. ನಮ್ಮದೂ ಎಂಜಿಬಿಯೇ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ನಮ್ಮದು ಅರವತ್ಮೂರರದು, ಅವರದು ಎಪ್ಪತ್ತೇಳರದು. ಅಕ್ಕತಂಗಿಯರು, ಆದರೆ ನೋಡಿದವರು ಹಾಗೆನ್ನುವುದಿಲ್ಲ.

ಅಕ್ಕನಿಗೆ ಕ್ರೋಮ್ ಬಂಪರ್, ಬಾಗಿಲಿಗೆ ಎಳೆಯುವ ಹಿಡಿ, ನೆಲಕ್ಕಂಟಿದ ಓಟ. ಆಮೇಲಿನ ವರ್ಷದ ಕಾರುಗಳಲ್ಲಿ ಎಂಜಿನ್ ಗಟ್ಟಿಯಾಯಿತು. ಹಿಡಿ ಹೋಗಿ ಒತ್ತುವ ಗುಂಡಿ ಬಂತು. ಗೇರ್ ಮೆತ್ತಗೆ ಬೀಳತೊಡಗಿತು. ಅಲ್ಲಿಯವರೆಗೂ ಒಳ್ಳೆಯದೇ. ಎಪ್ಪತ್ನಾಲ್ಕರಲ್ಲಿ ಅಮೆರಿಕದವರ ಕಾನೂನು — ಬಂಪರ್ ಇಂತಿಷ್ಟು ಎತ್ತರದಲ್ಲಿರಬೇಕು ಅಂತ. ಕಂಪನಿಯವರು ಕಪ್ಪು ರಬ್ಬರ್ ಬಂಪರ್ ಕೂರಿಸಿ ಇಡೀ ಕಾರನ್ನೇ ಮೇಲೆತ್ತಿಬಿಟ್ಟರು. ರೇಷ್ಮೆ ಸೀರೆ ಉಟ್ಟು ಗಂಬೂಟು ಹಾಕಿದ ಹಾಗೆ. ಎಂಬತ್ತಕ್ಕೆ ಎಂಜಿಬಿಯ ಕಥೆ ಮುಗಿಯಿತು.

ಇದನ್ನೆಲ್ಲ ಹೇಳಿ ಅವರ ಬಂಪರನ್ನು ಚೆನ್ನಾಗಿ ಆಡಿಕೊಂಡೆ. ಅವರು ನಿಧಾನವಾಗಿ ಕಾಫಿ ಮುಗಿಸಿ, ನಮ್ಮ ಕಾರಿನ ಕೆಳಗೆ ಬಗ್ಗಿ ನೋಡಿದರು.

"ನಿಮ್ಮದಕ್ಕೆ ಮುಖ ಅರವತ್ಮೂರು, ಕಾಲು ಎಪ್ಪತ್ತೇಳು. ಶೋದಲ್ಲಿ ಏನೂ ಬದಲಾಯಿಸದ ಗಾಡಿಗಳಿಗೆ ಒರಿಜಿನಲ್ ಕ್ಲಾಸ್ ಇದೆಯಲ್ಲ, ಅದರೊಳಗೇ ಬಿಡಲ್ಲ ಬಿಡಿ."

ಮೈಯೆಲ್ಲ ಉರಿಯಿತು. ಆದರೆ ಸುಳ್ಳಲ್ಲ. ನಮ್ಮದು ಇರಬೇಕಾದ್ದಕ್ಕಿಂತ ಎರಡಿಂಚು ಎತ್ತರ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಮಾವ ಮೂಡಿಗೆರೆಯ ಮೆಕ್ಯಾನಿಕ್ ಮೊಯ್ದು ಸಾಹೇಬರ ಹತ್ತಿರ ಸ್ಪ್ರಿಂಗುಗಳಿಗೆ ಕಬ್ಬಿಣದ ತುಂಡು ಹಾಕಿಸಿ ಏರಿಸಿದ್ದು. ಎಷ್ಟೋ ವರ್ಷದ ಮೇಲೆ ಗೊತ್ತಾಗಿ, ಯಾಕೆ ಎಂದು ಕೇಳಿದ್ದೆ. ಕಾಫಿ ಮೂಟೆ ಸಾಗಿಸೋಕೆ ಎಂದಿದ್ದರು, ಎತ್ತಲೋ ನೋಡುತ್ತ.

ಮೂಟೆಗೋಸ್ಕರ ಇಂಥ ಕಾರನ್ನು ಕೆಡಿಸುವುದೇ... ಇಳಿಸುತ್ತೇನೆ.

ಸೆಪ್ಟೆಂಬರ್ 16

ಇಂಗ್ಲೆಂಡಿಗೆ ಆರ್ಡರ್ ಹಾಕಿದೆ. ಅರವತ್ಮೂರರ ಅಳತೆಯ ಸ್ಪ್ರಿಂಗು. ಇವರಿಗೆ ಹೇಳಿಲ್ಲ.

ಅಕ್ಟೋಬರ್ 19

ಸ್ಪ್ರಿಂಗು ಬಂತು. ಇವರಿಗೆ ಗೊತ್ತಾಯಿತು. ಸಂಜೆಯವರೆಗೆ ಮಾತಿಲ್ಲ. ಕಡುಬು ಮಾಡಿದೆ — ಮಾತು ಬಂತು.

ಅಕ್ಟೋಬರ್ 26

ಇದನ್ನು ಇವತ್ತೇ ಬರೆಯಬೇಕು.

ಬೆಳಗ್ಗೆ ಉಬೈದ್ ಬಂದ. ಮೊಯ್ದು ಸಾಹೇಬರ ಮಗ, ಈಗ ಶೆಡ್ಡು ಅವನದೇ. ಕಾರನ್ನು ಜಾಕ್ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಮೊದಲನೇ ಕಬ್ಬಿಣದ ತುಂಡು ಹೊರಗೆ ತೆಗೆದ. ಅತ್ತೆ ಕೋಲೂರಿಕೊಂಡು ಬಂದು ಅದೇನು ಎಂದು ಕೇಳಿದರು. ಮೂಟೆ ಸಾಗಿಸೋಕೆ ಮಾವ ಹಾಕಿಸಿದ್ದು, ತೆಗೆಸುತ್ತಿದ್ದೇನೆ ಎಂದೆ.

ಅತ್ತೆ ನಕ್ಕರು. ಹಲ್ಲಿನ ಸೆಟ್ಟು ಸಡಿಲವಾಗುವಷ್ಟು ನಕ್ಕರು.

"ಆ ಡಿಕ್ಕಿಲಿ ಯಾವ ಮೂಟೆ ಹಿಡಿಯುತ್ತೆ ಮಾರಾಯ್ತಿ? ಇಷ್ಟು ವರ್ಷ ಓಡ್ಸಿದೀಯ, ಅಷ್ಟೂ ಗೊತ್ತಾಗ್ಲಿಲ್ವಾ? ಮೂಟೆ ನೀನೇ."

ಎಂಬತ್ತೊಂಬತ್ತರ ಮಾತು. ಸುಪ್ರಿಯಾ ಹೊಟ್ಟೆಯಲ್ಲಿದ್ದಳು. ಜೀಪಿನ ಕುಲುಕಾಟ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು, ಹಾಗಾಗಿ ಮೂಡಿಗೆರೆಗೆ ತೋರಿಸಲು ಮಾವ ಈ ಕಾರಿನಲ್ಲಿ ಕರೆದೊಯ್ದರು. ಎಸ್ಟೇಟ್ ಗೇಟಿನ ಹತ್ತಿರ ಕಾರಿನ ತಳ ಕಲ್ಲಿಗೆ ಬಡಿಯಿತು. ಹೊಟ್ಟೆ ಹಿಡಿದುಕೊಂಡು ಕೂಗಿದ್ದೆ. ಅದು ನೆನಪಿದೆ. ಮಾವ ಇಳಿದು ಕಲ್ಲು ನೋಡಿದರು. ಆ ವಾರ ಕಾರು ಮನೆಯಲ್ಲಿರಲಿಲ್ಲ, ಅದೂ ನೆನಪಿದೆ. ಆಮೇಲೆ ಬಾಣಂತನಕ್ಕೆ ಕಳಸದ ತವರಿಗೆ ಇದರಲ್ಲೇ ಬಿಟ್ಟು ಬಂದರು. ಕಾರು ಎಲ್ಲೂ ತಗುಲಲಿಲ್ಲ. ನಾನು, ಪೆದ್ದಿ, ರಸ್ತೆ ರಿಪೇರಿ ಮಾಡಿದ್ದಾರೆ ಎಂದುಕೊಂಡಿದ್ದೆ.

ಹಾಗೇ ಹೇಳಬಹುದಿತ್ತಲ್ಲ ಎಂದೆ.

"ಸೊಸೆ ಹೊಟ್ಟೆ ವಿಷ್ಯ ಮಾವ ಬಾಯಿಬಿಟ್ಟು ಹೇಳೋಕಾಗುತ್ತಾ? ನಾಚಿಕೆ ಅವ್ರಿಗೆ."

ಆಗೆಲ್ಲ ಹಾಗೇ. ಅವಳಿಗೆ ಊಟ ಮಾಡೋಕೆ ಹೇಳು ಎಂದು ನಾನು ಎದುರಿಗಿದ್ದರೂ ಅತ್ತೆಗೆ ಹೇಳುತ್ತಿದ್ದವರು. ಅಂಥವರು ಕಾರಿನ ಹತ್ತಿರ ಮಾತ್ರ ಎಲ್ಲ ಹೇಳಿಟ್ಟು ಹೋಗಿದ್ದಾರೆ. ತಡೆಯಲಾಗಲಿಲ್ಲ, ಉಬೈದ್ ಎದುರಿಗೇ ಗಳಗಳ ಅತ್ತುಬಿಟ್ಟೆ. ಪಾಪ, ಅವನು ತುಂಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ.

"ಈಗ ಇದು ತೆಗಿಯೋದಾ, ಹಾಕೋದಾ ಅಮ್ಮಾ?"

ಹಾಕಪ್ಪ ಎಂದೆ. ತುಕ್ಕು ಉಜ್ಜಿ, ಗ್ರೀಸ್ ಸವರಿ, ಭದ್ರವಾಗಿ ಹಾಕು ಎಂದೆ.

ಅಕ್ಟೋಬರ್ 28

ಇಂಗ್ಲೆಂಡಿನ ಸ್ಪ್ರಿಂಗಿಗೆ ಕೆಲಸ ಸಿಕ್ಕಿತು. ಪಾರ್ಚ್‌ಮೆಂಟ್ ಕಾಫಿಬೀಜ ಇಡುವ ಸ್ಟೋರಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟಿದ್ದೇವೆ. ಇವರು ಬಂದವರಿಗೆಲ್ಲ ತೋರಿಸುತ್ತಾರೆ, ಫಾರಿನ್ ಮಾಲು ಎಂದು.

ಮಲ್ಲಿಕಾರ್ಜುನಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಒರಿಜಿನಲ್ ಕ್ಲಾಸ್ ಬಿಟ್ಟೆ ಎಂದೂ ಹೇಳಿದೆ. ಹಾಗಾದ್ರೆ ನನ್ನ ಗಾಡಿ ಪಕ್ಕದಲ್ಲೇ ನಿಲ್ಸಿ, ಎತ್ತರ ಸಮ ಇರುತ್ತೆ ಎಂದರು. ಇನ್ನು ಅವರ ಬಂಪರಿನ ಸುದ್ದಿಗೆ ಹೋಗಬಾರದು. ಒಂದು ತಿಂಗಳಾದರೂ.

ನವೆಂಬರ್ 10, ಬೆಳಗ್ಗೆ ಆರು

ಇವತ್ತೇ ಶೋ. ಲಟ್ಟಣಿಗೆ ಸೀಟಿನ ಕೆಳಗಿದೆ. ಇರುವುದು ಎರಡೇ ಸೀಟು. ಪಕ್ಕದ್ದರಲ್ಲಿ ಅತ್ತೆ ಆಗಲೇ ಕೂತಾಗಿದೆ, ತಲೆಗೆ ಮಫ್ಲರ್ ಸುತ್ತಿಕೊಂಡು. ಇವರು ಜೀಪಿನಲ್ಲಿ ಹಿಂದೆ. ಸುಪ್ರಿಯಾ ಅಲ್ಲಿಗೇ ಬರುತ್ತಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ. ಕಾರಿನ ಮುಂದೆ ನಿಲ್ಲಿಸಿಯೇ ಹೇಳಬೇಕು.

ಜಡ್ಜ್ ಎತ್ತರದ ಮಾತು ತೆಗೆಯದೆ ಬಿಡುವುದಿಲ್ಲ. ತೆಗೆಯಲಿ. ಏನು ಹೇಳಬೇಕೆಂದು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ. ಸಾರ್, ಕಂಪನಿಯವರು ಏರಿಸಿದ್ದು ಅಮೆರಿಕದ ಕಾನೂನಿಗೆ. ಇದನ್ನು ಏರಿಸಿದ್ದು ನಮ್ಮ ಮಾವ, ಅದೂ ಯಾರಿಗೋಸ್ಕರ ಅಂದರೆ —

ಅತ್ತೆ ಹಾರ್ನ್ ಒತ್ತುತ್ತಿದ್ದಾರೆ.