ರಕ್ತ ಮರೆಯಬೇಕಾದ ಮನೆ

ಮಹಾಲಿಂಗಪುರ
೯ ಫೆಬ್ರುವರಿ ೨೦೨೫

ಅಕ್ಕಾ, ನಿನಗೂ ಮಾವನವರಿಗೂ ರಾಜಶ್ರೀಯ ನಮಸ್ಕಾರ.

ಪತ್ರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಪ್ರೀತಿ ನಿನ್ನ ಮಗ್ಗುಲಲ್ಲೇ ಇರುತ್ತಾಳೆ. ಆರು ವರ್ಷದವಳಾದರೂ ದೊಡ್ಡವರ ಮಾತಿಗೆ ಕಿವಿ ಕೊಟ್ಟೇ ಇರುತ್ತಾಳೆ ನನ್ನ ಮಗಳು.

ಇಲ್ಲಿ ಬೆಲ್ಲದ ಗಾಣ ಜೋರಾಗಿ ನಡೆದಿದೆ. ಇವರಿಗೆ ಉಣ್ಣಲೂ ಪುರಸೊತ್ತಿಲ್ಲ. ಅತ್ತೆ ಹಾಸಿಗೆ ಹಿಡಿದವರು ಎದ್ದಿಲ್ಲ, ಮಗ್ಗುಲು ಹೊರಳಿಸಲೂ ನಾನೇ ಬೇಕು. ಇಲ್ಲದಿದ್ದರೆ ಮಗಳ ಬೆನ್ನು ಹತ್ತಿ ನಾನೂ ಬೀಳಗಿಗೆ ಬಂದುಬಿಡುತ್ತಿದ್ದೆ.

ಹೋದ ವರ್ಷ ಅವಳ ಕೆಮ್ಮಿಗೆ ನಿಮೋನಿಯಾ ಅಂದರು, ಟಿ.ಬಿ. ಇರಬಹುದು ಅಂದರು. ಡಾಕ್ಟರಮ್ಮ ಒಬ್ಬರೇ "ಮನ್ಯಾಗ ಏನ ಉದ್ಯೋಗ ಮಾಡತೀರಿ?" ಎಂದು ಕೇಳಿ, ಗಾಣ ಎಂದ ಕೂಡಲೇ ರಕ್ತ ತೆಗೆಸಿದ್ದು. ಹಿತ್ತಲಲ್ಲಿ ಒಟ್ಟಿದ ಕಬ್ಬಿನ ಸಿಪ್ಪೆಗೆ ಹಿಡಿಯುವ ಬೂಷ್ಟಿನ ವಿರುದ್ಧದ ಆಂಟಿಬಾಡಿ ಸಿಕ್ಕಿತು. "ಅದೊಂದರ ಮ್ಯಾಲೆ ಹೇಳಾಕ ಬರೂದಿಲ್ಲರಿ, ನಿಮ್ಮ ರಕ್ತದಾಗೂ ಇದ್ದೀತು. ಅಕಿ ಎದಿ ಸ್ಕ್ಯಾನ್, ನಿಮ್ಮ ಗಾಣ, ಎಲ್ಲಾ ಕೂಡಿಸಿ ಹೇಳಾಕತ್ತೇನಿ, ಆ ಬೂಷ್ಟಿನ ಧೂಳಿಗೇ ಈ ಕೆಮ್ಮ. ಯಾವುದರ ಕೂಡ ಗುದ್ದಾಡೇನಿ ಅನ್ನೂದನ್ನ ರಕ್ತ ನೆನಪ ಇಟಗೊಂಡಿರತೈತಿ" ಎಂದರು. ಇವರು ಸಿಪ್ಪೆಯನ್ನೆಲ್ಲ ಹೊಲದಾಚೆ ಸಾಗಿಸಿದರೂ ಕೆಮ್ಮು ನಿಲ್ಲಲಿಲ್ಲ. ಆಗಲೇ ಅಲ್ಲವೇ ನೀನು ಬಂದು ಅವಳನ್ನು ಕರೆದೊಯ್ದದ್ದು.

ಮೊನ್ನೆ ನೀನು ಅವಳ ರಕ್ತ ಪರೀಕ್ಷೆಗೆ ಕೊಡಿಸಿದೆಯಲ್ಲ, ನಿನ್ನೆ ಅದರ ರಿಪೋರ್ಟು ಕೇಳಲು ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಆಂಟಿಬಾಡಿ ಬಹಳ ಇಳಿದಿದೆ. "ಛಲೋ ಆತ್ರಿ. ರಕ್ತ ನಿಮ್ಮ ಮನಿ ಮರೆಯಾಕತ್ತೈತಿ. ಗಾಣ ಇರೂತನಕ ಮಾತ್ರ ಕರಕೊಂಡ ಬರಬ್ಯಾಡ್ರಿ" ಎಂದರು. ಖರೆ ಹೇಳುತ್ತೇನೆ, ಖುಷಿಯಾಯಿತು. ಹೊರಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಬೀಳಗಿ ಬಸ್ಸು ನಿಂತಿತ್ತು. ಹತ್ತಲಿಲ್ಲ. ನನ್ನ ಸೀರೆ, ಕೂದಲಲ್ಲೂ ಅದೇ ಧೂಳು.

ಮನೆಯಲ್ಲೀಗ ಕೆಮ್ಮಿಲ್ಲ. ಅದಕ್ಕೇ ಹರಕೆ ಹೊತ್ತವಳು ನಾನು. ಈಗ ಗಾಣದ ಆಳು ಯಾರಾದರೂ ಕೆಮ್ಮಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ, ಹುಚ್ಚಿಯ ಹಾಗೆ.

ಅವಳ ಜಡೆ ಬಿಗಿಯಾಗಿ ಹೆಣೆಯಬೇಡ, ಅಳುತ್ತಾಳೆ. ನನ್ನ ಕಂದ ನೂರು ವರ್ಷ ಬಾಳಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ರಾಜಶ್ರೀ

ತಾ.ಕ.: ಮೊದಮೊದಲು ಫೋನಿನಲ್ಲಿ "ಅವ್ವಾ, ನಮ್ಮ ಮನಿಗಿ ಯಾವಾಗ ಕರಕೊಂಡ ಹೋಗತಿ?" ಎಂದು ಅಳುತ್ತಿದ್ದಳು. ನಿನ್ನೆ, "ಅವ್ವಾ, ನೀ ನಮ್ಮ ಮನಿಗಿ ಯಾವಾಗ ಬರತಿ?" ಅಂದಳು. ನಿನ್ನ ಮನೆಗೆ ಹಾಗಂದಳು ಅಕ್ಕಾ. ನೀನು ಅವಳನ್ನು ತಿದ್ದಬೇಡ.