ತೊಗರಿಯ ಕಾಡು ಬಳಗ

ಅನುಜಾ,

ಕೂಡ್ಯಾವ ಬೇ! ನರೋಣಾದ ಹೊಲದಾಗ ನೀ ಕೈಯಾರೆ ತೊಗರಿಯನ್ನ ಕಾಡುಗಿಡದ ಜೋಡಿ ಸಂಕರ ಮಾಡಿ ಬೆಳೆಸಿದ್ದ ಗಿಡ ಮೊಗ್ಗು ಹಿಡದಿತ್ತು. ಇವತ್ತ ಒಂದು ಎಳೆ ಮೊಗ್ಗು ಬಿಡಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಾಗ ನೋಡಿದೆ. ಪರಾಗ ಆಗೂದಕ್ಕ ಕೋಶ ಒಡಿಯೂ ಹೊತ್ತು ಅದು. ತೊಗರಿಯ ಒಂದೊಂದು ವರ್ಣತಂತುವೂ ಕಾಡುಗಿಡದ ಒಂದನ್ನ ಹುಡುಕಿ ಅಪ್ಪಿಕೊಂಡಿತ್ತು. ಹನ್ನೊಂದು ಜೋಡಿ! ಒಂದೂ ಒಂಟಿ ಉಳದಿಲ್ಲ.

"ಅವು ಬ್ಯಾರೆ ಕುಲ, ಕೂಡಂಗಿಲ್ಲ" ಅಂತ ನಮಗ ನಕ್ಕಿದ್ದ ನಮ್ಮ ಗೈಡ್ ದತ್ತಾತ್ರೇಯ ಸರ್ ಓಡಿ ಬಂದು ನೋಡಿದ್ರು.

"ಇವು ಖರೇನ ಬಳಗದವು. ಗೆದ್ದಿ ಶೈಲಾ."

"ಗೆದ್ದಾಕಿ ಅನುಜಾ ರೀ ಸರ್!" ಲ್ಯಾಬಿಗೆಲ್ಲಾ ಕೇಳೂ ಹಂಗ ಕೂಗಿದೆ.

ದವಾಖಾನಿಯಾಗ ನೀ ಕಡೀ ಸಲ ಕೇಳಿದ್ದು ಈ ಗಿಡದ ಸುದ್ದಿನೇ. "ಮೊದ್ಲ ನೀ ಆರಾಮಾಗು, ಆಮ್ಯಾಲ ಹೇಳ್ತೇನಿ" ಅಂದಿದ್ದೆ. ಆರಾಮಾಗಿ ನೀ ಮನಿಗೆ ಬರಲೇ ಇಲ್ಲ.

ಇವತ್ತ ಮುಂಜಾನೆ ಮೊದಲ ಹೂ ಅರಳೇದ. ಅಚ್ಚ ಹಳದಿ, ಅನುಜಾ.

ಶೈಲಶ್ರೀ