ಗೆದ್ದವನ ಮುಂದೆ ಓದಿದ್ದು

ಮಾರ್ಚ್ ೨೦೦೫, ಗುರುವಾರ ರಾತ್ರಿ

ತಮ್ಮ ಪಾಲಾಕ್ಷ ಉಣ್ಣದೆ ಎದ್ದು ಹೋದ. ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ.

ಮಧ್ಯಾಹ್ನ ಕೂಡ್ಲಿಗಿಯಲ್ಲಿ ಪಂಚಾಯ್ತಿ ಓಟಿನ ಎಣಿಕೆ ಮುಗಿದು ಅವನು ಗೆದ್ದ. ಸೋತವನು ನಮ್ಮ ಸೋದರತ್ತೆಯ ಮಗ ದುರುಗಪ್ಪ. ಇವನನ್ನು ಹೊತ್ತ ಮೆರವಣಿಗೆಯವರು ಹಲಗೆ ಬಡಿಯುತ್ತ ಅತ್ತೆಯ ಬಾಗಿಲಿಗೇ ಬಂದು, ಹೊಸ್ತಿಲ ಮೇಲೆ ಪಟಾಕಿ ಸರ ಹಚ್ಚಿ, ಗುಲಾಲು ಎರಚಿದರು. ಅತ್ತೆ ಹಾಸಿಗೆ ಹಿಡಿದು ಒಳಗೇ ಮಲಗಿದ್ದಾಳೆ.

ಸಂಜೆ ಪಾಲಾಕ್ಷ ಪ್ರಾರ್ಥನೆ ಮಾಡಿಸಿಕೊಳ್ಳಲು ಅದೇ ಗುಲಾಲಿನ ಮುಖದಲ್ಲಿ, ಊರ ಸಭೆಯ ಪ್ರಾರ್ಥನೆ ನಡೆಸುವ ನನ್ನ ಮನೆಗೆ ಬಂದ. ನಾನು ಬೈಬಲಿನಲ್ಲಿ ಯೆಶಾಯ ಪ್ರವಾದಿಯ ಮಾತು ತೆಗೆದೆ. ಗೂಡಿನ ಮೊಟ್ಟೆ ಬಾಚಿದಂತೆ ನಾಡುಗಳನ್ನು ಬಾಚಿಕೊಂಡೆ, ಒಂದೂ ರೆಕ್ಕೆ ಬಡಿಯಲಿಲ್ಲ ಎಂದು ಅಶ್ಶೂರದ ಅರಸ ಮೆರೆಯುತ್ತಾನೆ. ಕಡಿಯುವವನ ಮುಂದೆ ಕೊಡಲಿ ಜಂಬ ಕೊಚ್ಚುವುದುಂಟೇ ಎಂದು ಪ್ರವಾದಿ ಕೇಳುತ್ತಾನೆ.

"ಗೆದ್ದ ದಿನಾನ ಕೊಡ್ಲಿ ಕತಿ ತಗದಿಯಲ್ಲಬೇ ಅಕ್ಕ!" ಎಂದು ನಕ್ಕ.

"ಸೋತೋರಿಗೆ ಓದಿ ಏನ್ ಮಾಡ್ಲೋ? ಹೋಗು, ಅತ್ತಿ ಕಾಲು ಮುಟ್ಟಿ ಬಾ."

"ಅವ್ರ ಮನಿಗೆ ನಾನಾ? ಇನ್ನ ಊರೇ ನನ್ ಬಾಗ್ಲಿಗೆ ಬರ್ತೈತಿ, ನೋಡ್ತಿರು."

ಅರಸನ ಮುಂದಿನ ಗತಿಯನ್ನು ಅವನೆದುರು ಓದಲು ಬಾಯಿ ಬರಲಿಲ್ಲ. ಈಗ ಒಬ್ಬಳೇ ಓದಿದೆ. ಬೆಂಕಿ, ಸವೆಸುವ ರೋಗ. ಇಷ್ಟು ವರ್ಷ ಈ ಮಾತಿಗೆ ಸಲೀಸಾಗಿ ಆಮೆನ್ ಅಂದಿದ್ದೇನೆ, ಆ ಅರಸ ಯಾರ ತಮ್ಮನೋ ಏನೋ. ಇವನು ನನ್ನ ಸೊಂಟದ ಮೇಲೆ ಬೆಳೆದವನು.

ಬೆಳಗ್ಗೆ ಅತ್ತೆಯ ಹೊಸ್ತಿಲು ತೊಳೆಯಲು ನಾನೇ ಹೋಗುತ್ತೇನೆ. ಇವನೇ ತೊಳೆದನೆಂದು ಎಣಿಸಿಕೊಂಡು, ಕರ್ತನೇ, ಇವನನ್ನು...